ಕಾಗಿಣಾ ತೀರದ ಹಳೆಯ ಪೊಲೀಸು ಬಂಡಿಗಳು

ಶಹಾಬಾದಿನಿಂದ ಹೊರಟು ವಾಡಿ, ಚಿತ್ತಾಪುರ, ಮಳಖೇಡಗಳ ಮೇಲೆ ಸೇಡಮಿಗೆ ಸಾಗುವ ದಾರಿಯು ಕಲ್ಲಿನ ಸೀಮೆಯ ದಾರಿ. ಎಡಬಲಗಳಲ್ಲಿ ಫರಸಿ ಕಲ್ಲಿನ ಗಣಿಗಳು, ತೊಗರಿಯ ಹೊಲಗಳು, ನಡುನಡುವೆ ಸಿಮೆಂಟು ಕಾರಖಾನೆಗಳ ಎತ್ತರವಾದ ಚಿಮಣಿಗಳು. ಪ್ರವಾಸಿಗಳು ಮಳಖೇಡದ ಕೋಟೆಯನ್ನೂ ಜಯತೀರ್ಥರ ವೃಂದಾವನವನ್ನೂ, ಸೇಡಮಿನ ಪಂಚಲಿಂಗೇಶ್ವರನ ಗುಡಿಯನ್ನೂ ಕಂಡು ಹಿಂದಿರುಗುವರು. ಅವು ನೋಡತಕ್ಕವೇ ಸರಿ. ಆದರೆ ಈ ದಾರಿಯಲ್ಲಿ ಯಾರೂ ನಿಂತು ನೋಡದ ಇನ್ನೊಂದು ಬಗೆಯ ಹಳೆಯ ವಸ್ತುವುಂಟು. ಠಾಣೆಯ ಮಗ್ಗುಲಲ್ಲಿ, ಬೇವಿನ ನೆರಳಿನಲ್ಲಿ, ಗಾಲಿಯ ಗಾಳಿ ಹೋಗಿ ತುಕ್ಕು ಹಿಡಿದು ನಿಂತಿರುವ ಪೊಲೀಸು ಜೀಪೇ ಅದು.

ಪೊಲೀಸರ ಬಂಡಿಯನ್ನು ಮೆಚ್ಚಿ ನೋಡುವವರೂ ಉಂಟೆ ಎಂದು ವಾಚಕರು ನಕ್ಕಾರು. ಉಂಟು. ಇಂಗ್ಲೆಂಡಿನಲ್ಲಿ ಹಳೆಯ ಪಹರೆಯ ಕಾರುಗಳನ್ನು ಹುಡುಕಿ ಕೊಂಡು, ಮೊದಲಿದ್ದ ಬಣ್ಣವನ್ನೇ ಬಳಿಸಿ, ಮೇಳಗಳಿಗೆ ತರುವ ರಸಿಕರಿದ್ದಾರೆ. ೧೯೬೦ರ ದಶಕದಲ್ಲಿ ಅಲ್ಲಿ ಬಂದ ತಿಳಿನೀಲಿ ಮತ್ತು ಬಿಳಿಯ ಪುಟ್ಟ ಕಾರುಗಳನ್ನು ಜನರು ಪಾಂಡಾ ಎಂಬ ಮೃಗದ ಹೆಸರಿನಿಂದ ಕರೆದರು. ೧೯೯೦ರ ದಶಕದ ಹಳದಿ ನೀಲಿ ಚೌಕಗಳಾದರೋ, ದೂರದಿಂದಲೇ ಕಣ್ಣಿಗೆ ಬೀಳಲೆಂದು ಪರೀಕ್ಷಿಸಿ ಗೊತ್ತುಮಾಡಿದವು. ನಮ್ಮ ಬೆಂಗಳೂರಿನ ಪಹರೆಯ ವಾಹನಗಳಿಗೆ ಹೊಯ್ಸಳವೆಂದು ಹೆಸರು. ಸಳನ ಕಥೆಯನ್ನು ಬಲ್ಲ ಕನ್ನಡಿಗರಿಗೆ ಅದರ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಸೀಮೆಯಲ್ಲಿ ಬಹುಕಾಲ ಪೊಲೀಸರ ಬಂಡಿಯೆಂದರೆ ಜೀಪೇ. ಎರಡನೆಯ ಮಹಾಯುದ್ಧದಲ್ಲಿ ಅಮೇರಿಕದ ಸೈನ್ಯಕ್ಕಾಗಿ ಹುಟ್ಟಿದ ಈ ಬಂಡಿಯನ್ನು ಮಹೀಂದ್ರ ಕಂಪನಿಯವರು ೧೯೪೭ರಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದರು. ಎಂಜಿನ್ನಿನ ಬಲವು ನಾಲ್ಕು ಗಾಲಿಗಳಿಗೂ ಹರಿಯಬಲ್ಲುದಾದ್ದರಿಂದ, ಮಳೆಗಾಲದಲ್ಲಿ ಎತ್ತಿನ ಬಂಡಿಯೂ ಹೂತು ನಿಲ್ಲುವ ಎರೆಮಣ್ಣಿನಲ್ಲಿಯೂ, ಚಿಂಚೋಳಿಯ ಕಾಡುಗುಡ್ಡಗಳ ಏರಿನಲ್ಲಿಯೂ ಅದು ನುಗ್ಗಿ ನಡೆಯಿತು. ಹಿರಿಯ ಅಧಿಕಾರಿಗಳಿಗೆ ಅಂಬಾಸಡರ್ ಕಾರು. ಅದರ ತಯಾರಿಕೆ ೨೦೧೪ರಲ್ಲಿ ನಿಂತಿತು. ೨೦೦೦ದಲ್ಲಿ ಹೊರಬಂದ ಬೊಲೆರೊ ಕ್ರಮವಾಗಿ ಜೀಪಿನ ಸ್ಥಾನವನ್ನು ಆಕ್ರಮಿಸಿತು.

ರಸಿಕನು ಇಂಥ ಬಂಡಿಯನ್ನು ಶಾಸನದಂತೆ ಓದುತ್ತಾನೆ. ಸಂಖ್ಯಾಫಲಕವು ‘ಎಂವೈ’ ಎಂದು ಮೊದಲಾಗಿದ್ದರೆ ಅದು ಮೈಸೂರು ರಾಜ್ಯದ ಕಾಲದ್ದು. ‘ಕೆಎ ೩೨’ ಎಂದಿದ್ದರೆ ಈಚಿನದು, ಕಲಬುರಗಿಯದು. ಮುಂದೆ ‘ಜಿ’ ಅಕ್ಷರವಿದ್ದರೆ ಸರಕಾರದ ಸ್ವತ್ತು. ಬಾಗಿಲ ಮೇಲೆ ೧೦೦ ಎಂಬ ದೂರವಾಣಿ ಸಂಖ್ಯೆಯಿದ್ದರೆ ಹಳೆಯದು, ೧೧೨ ಇದ್ದರೆ ಹೊಸದು. ಅಕ್ಷರಗಳನ್ನು ಪೇಂಟರನು ಕುಂಚದಿಂದ ಬರೆದನೋ, ಅಂಟಿನ ಹಾಳೆಯನ್ನು ಕತ್ತರಿಸಿ ಹಚ್ಚಿದರೋ ಎಂಬುದೂ ಕಾಲವನ್ನು ಹೇಳುತ್ತದೆ. ಒಂದು ಬಂಡಿಯಲ್ಲಿ ‘ಪೋಲೀಸ್’ ಎಂದೂ ಇನ್ನೊಂದರಲ್ಲಿ ‘ಪೊಲೀಸ್’ ಎಂದೂ ಕಂಡಾಗ, ಜೀವಮಾನವೆಲ್ಲ ಹ್ರಸ್ವದೀರ್ಘಗಳನ್ನು ತಿದ್ದಿದ ನನ್ನಂಥವನ ಬೆರಳು ತನ್ನಿಂದ ತಾನೇ ಕೆಂಪು ಶಾಯಿಯನ್ನು ಅರಸುವುದು.

ಎಲ್ಲಕ್ಕಿಂತ ಮುಖ್ಯವಾದುದು ಲಾಂಛನ. ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಆ ಅರಸರ ತಾಮ್ರಪಟಗಳ ಮುದ್ರೆಯಲ್ಲಿ ಗರುಡನಿದ್ದನು. ಅನಂತರ ನಿಜಾಮರ ಹಳದಿಯ ಧ್ವಜವು ಈ ನಾಡಿನ ಮೇಲೆ ಹಾರಿತು. ೧೯೫೬ರ ನವೆಂಬರ್ ೧ರಂದು ಈ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಮೇಲೆ ಮೈಸೂರ ಅರಸರ ಗಂಡಭೇರುಂಡವು ಕಾಗಿಣೆಯ ದಡಕ್ಕೂ ಬಂದಿತು. ೧೯೭೩ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಆ ಎರಡು ತಲೆಯ ಹಕ್ಕಿ ಮಾತ್ರ ಉಳಿಯಿತು. ಅಮರಸಿಂಹನು ತನ್ನ ಕೋಶದಲ್ಲಿ ಕಲಂಕ, ಅಂಕ, ಲಾಂಛನ, ಚಿಹ್ನ ಎಂಬ ಶಬ್ದಗಳನ್ನು ಒಂದೇ ಸಾಲಿನಲ್ಲಿ ಕೂಡಿಸಿದ್ದಾನೆ. ಗುರುತು ಮತ್ತು ಕಳಂಕ ಎರಡಕ್ಕೂ ಒಂದೇ ಪದ! ಬಾಗಿಲ ಮೇಲಿನ ಚಿತ್ರವು ಭೂಷಣವೋ ದೂಷಣವೋ ಎಂಬುದನ್ನು ಒಳಗೆ ಕುಳಿತವರ ನಡತೆಯೇ ನಿರ್ಣಯಿಸತಕ್ಕದ್ದು.

ಇದು ಬರಿಯ ಶಬ್ದಚಮತ್ಕಾರವಲ್ಲ. ಈ ಭಾಗದ ಮುದುಕರ ಬಾಯಲ್ಲಿ ‘ಪೊಲೀಸ್ ಆಕ್ಷನ್’ ಎಂದರೆ ೧೯೪೮ರ ಸೆಪ್ಟೆಂಬರ್ ೧೩ರಿಂದ ೧೭ರ ವರೆಗೆ ನಡೆದ, ಹೈದರಾಬಾದು ಸಂಸ್ಥಾನವನ್ನು ಭಾರತದಲ್ಲಿ ಸೇರಿಸಿದ ಕಾರ್ಯಾಚರಣೆ. ಅದಕ್ಕೆ ಮುಂಚೆ ರಜಾಕಾರರ ಹಾವಳಿಯಿಂದಲೂ, ಅದರ ಬೆನ್ನಿಗೇ ಎದ್ದ ಗಲಭೆಗಳಿಂದಲೂ ಹಿಂದೂ ಮುಸಲ್ಮಾನರೆನ್ನದೆ ಎಷ್ಟೋ ಮನೆಗಳು ಹಾಳಾದವು. ಅಂಥ ನೆನಪುಳ್ಳ ಊರಿಗೆ ಪೊಲೀಸರ ಬಂಡಿಯು ಧೂಳೆಬ್ಬಿಸುತ್ತ ಬಂದಾಗ ಕದ ಮುಚ್ಚಿತೋ, ತೆರೆಯಿತೋ? ಆ ಊರಿನ ನೆಮ್ಮದಿಯನ್ನು ಅಳೆಯಲು ಇದಕ್ಕಿಂತ ಬೇರೆ ಅಳತೆಗೋಲು ಬೇಡ.

ಸೇಡಮಿನಲ್ಲಿ ಮೋಟಾರು ದುರಸ್ತಿ ಮಾಡುವ ವೃದ್ಧರೊಬ್ಬರನ್ನು ಈ ವಿಷಯವಾಗಿ ಕೇಳಿದೆನು. “ಬಣ್ಣ ಕೆರದ್ರ ಒಳಗ ಹಳೀ ಬಣ್ಣ ಸಿಗ್ತದ್ರಿ ಮಾಸ್ತರ, ಅದರೊಳಗ ಮತ್ತೊಂದು. ಒಂದೊಂದು ಪದರಿಗೂ ಒಬ್ಬೊಬ್ಬ ಸಾಹೇಬ್ರು ನೆನಪಾಗ್ತಾರ್ರಿ” ಎಂದರು. ಯಾವ ಸಾಹೇಬರು ಹೆರಿಗೆಯ ಹೆಂಗಸನ್ನು ನಡುರಾತ್ರಿ ಜೀಪಿನಲ್ಲಿ ದವಾಖಾನೆಗೆ ಮುಟ್ಟಿಸಿದರು, ಯಾರ ಜೀಪು ಬಂದರೆ ಸಂತೆಯವರು ಸರಕು ಮುಚ್ಚುತ್ತಿದ್ದರು ಎಂಬುದೆಲ್ಲ ಅವರಿಗೆ ಬಾಯಿಪಾಠ. ಬರೆಯದ ಇತಿಹಾಸವು ಹೀಗೆ ತಗಡಿಗೆ ಅಂಟಿಕೊಂಡಿರುತ್ತದೆ.

ಆ ತಗಡು ಈಗ ಕರಗುತ್ತಿದೆ. ಹದಿನೈದು ವರ್ಷ ಮೀರಿದ ಸರಕಾರಿ ವಾಹನಗಳನ್ನು, ವಿಶೇಷ ಕಾರ್ಯದ ಕೆಲವನ್ನು ಬಿಟ್ಟು, ೨೦೨೩ರ ಏಪ್ರಿಲ್ ೧ರಿಂದ ಓಡಿಸಕೂಡದೆಂದೂ ಗುಜರಿಗೆ ಹಾಕತಕ್ಕದ್ದೆಂದೂ ಕೇಂದ್ರ ಸರಕಾರದ ನಿಯಮವಾಗಿದೆ. ಹೊಗೆಯ ಮತ್ತು ಅಪಾಯದ ದೃಷ್ಟಿಯಿಂದ ನಿಯಮವು ಯುಕ್ತವೇ. ಆದರೆ ಓಡದ ಬಂಡಿಯನ್ನು ನಿಲ್ಲಿಸಿಡುವುದಕ್ಕೆ ಹೊಗೆಯಿಲ್ಲ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹಾಲಯವೇ ಇರುವುದನ್ನು ಯಾತ್ರಿಕರು ಬಲ್ಲರು. ಅಷ್ಟು ವೈಭವವು ಬೇಡ. ಜಿಲ್ಲೆಗೊಂದರಂತೆ ಒಂದು ಜೀಪು, ಒಂದು ತಗಡಿನ ಚಪ್ಪರ, ಅದು ದುಡಿದ ಊರುಗಳ ಹೆಸರು ಬರೆದ ಫರಸಿಯ ಕಲ್ಲು: ಇಷ್ಟಾದರೆ ಸಾಕು. ಕಲ್ಲಿಗೆ ಈ ಸೀಮೆಯಲ್ಲಿ ಬಡತನವಿಲ್ಲ. ವಾಚಕರು ಈ ಕಡೆ ಬಂದಾಗ ಕೋಟೆಯನ್ನು ನೋಡಿದ ಕಣ್ಣಿನಿಂದಲೇ ಅಂಥದೊಂದು ಬಂಡಿಯನ್ನೂ ನೋಡಲಿ. ಮಕ್ಕಳು ಜೊತೆಗಿದ್ದರೆ, ಆ ಹಕ್ಕಿಗೆ ಎರಡು ತಲೆಗಳೇಕೆಂದು ಅವರೇ ಕೇಳುವರು.