ಜಾತ್ರೆಗೆಂದು ಕಟ್ಟಿದ ನಿಲ್ದಾಣ

ಪ್ಯಾರಿಸ್ಸಿಗೆ ಹೋದವರು ಓರ್ಸೇ ಸಂಗ್ರಹಾಲಯಕ್ಕೆ ಹೋಗುವುದು ಚಿತ್ರ ನೋಡಲು. ನಾನು ಹೋದದ್ದೂ ಅದಕ್ಕೇ. ಆದರೆ ಒಳಗೆ ಕಾಲಿಟ್ಟೊಡನೆ ಕಣ್ಣು ಹರಿದದ್ದು ತಲೆಯ ಮೇಲಿನ ಗಾಜಿನ ಕಮಾನಿಗೆ, ಅದರ ತುದಿಯ ದೊಡ್ಡ ಗಡಿಯಾರಕ್ಕೆ. ಏನು ಮಾಡುವುದು, ರೈಲ್ವೆ ಸ್ಟೇಷನ್ನಿನಲ್ಲಿ ನಿಂತವನು ಗಡಿಯಾರ ನೋಡದೆ ಇರಲಾರ.

ಹೌದು, ಅದು ಸ್ಟೇಷನ್ನೇ. 1900ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಜಾಗತಿಕ ಪ್ರದರ್ಶನಕ್ಕೆ ಬರುವ ನೆಂಟರನ್ನು ಊರ ನಡುವೆಯೇ ಇಳಿಸಬೇಕೆಂದು ಓರ್ಲೆಯಾನ್ ರೈಲ್ವೆ ಕಂಪನಿ ಕಟ್ಟಿಸಿದ್ದು. ಎದುರಿಗೆ ಸೇನ್ ನದಿ, ಆಚೆಗೆ ಲೂವ್ರ್ ಅರಮನೆ. ಅಂಥ ನೆರೆಹೊರೆಯಲ್ಲಿ ಬರಿಯ ಕಬ್ಬಿಣದ ಷೆಡ್ಡು ನಿಲ್ಲಿಸಿದರೆ ಮರ್ಯಾದೆ ಉಳಿದೀತೆ? ಶಿಲ್ಪಿ ವಿಕ್ಟರ್ ಲಲೂ ಕಬ್ಬಿಣಕ್ಕೆ ಕಲ್ಲಿನ ಅಂಗಿ ತೊಡಿಸಿದ. ಒಳಗಿರುವ ಲೋಹ 12,000 ಟನ್ನು. ಐಫೆಲ್ ಗೋಪುರದಲ್ಲೂ ಅಷ್ಟಿಲ್ಲ. ಗಾಡಿ ಎಳೆದದ್ದು ವಿದ್ಯುತ್ತಾದ್ದರಿಂದ ಹೊಗೆಯಿಲ್ಲ, ಮಸಿಯಿಲ್ಲ. ಇದು ಕಲಾಮಂದಿರದಂತಿದೆ ಎಂದು ದೆತಾಯ್ ಎಂಬ ಚಿತ್ರಕಾರ ಆ ವರ್ಷವೇ ಚಟಾಕಿ ಹಾರಿಸಿದ್ದನಂತೆ.

ಇಷ್ಟೆಲ್ಲ ವೈಭವದ ಆಯುಸ್ಸು ಮೂವತ್ತೊಂಬತ್ತೇ ವರ್ಷ. ಗಾಡಿಗಳು ಉದ್ದವಾದವು, ಪ್ಲಾಟ್‌ಫಾರಂ ಬೆಳೆಯಲು ಜಾಗವಿಲ್ಲ. 1939ರಿಂದ ಮುಂದೆ ಬಂದದ್ದು ಉಪನಗರದ ಗಾಡಿಗಳು ಮಾತ್ರ.

ನನ್ನನ್ನು ತಡೆದು ನಿಲ್ಲಿಸಿದ್ದು ಇದಲ್ಲ, 1945. ಆ ವಸಂತದಲ್ಲಿ, ಬೇಸಗೆಯಲ್ಲಿ, ಜರ್ಮನಿಯ ಸೆರೆಯಿಂದ ಬಿಡುಗಡೆಯಾದವರನ್ನು ಬರಮಾಡಿಕೊಂಡ ಮುಖ್ಯ ಕೇಂದ್ರ ಇದೇ. ನಾಜಿ ಶಿಬಿರಗಳಲ್ಲಿ ಉಳಿದು ಬಂದವರೂ ಇಲ್ಲಿ ಬಂದಿಳಿದರು. ಲೇಖಕಿ ಮಾರ್ಗರಿಟ್ ದ್ಯುರಾಸ್ ಗಂಡನ ಸುದ್ದಿಗಾಗಿ ಇಲ್ಲಿಗೆ ಬಂದು, ಇಳಿದವರನ್ನೆಲ್ಲ ವಿಚಾರಿಸುತ್ತಿದ್ದಳು. ಆತ ಬದುಕಿದ್ದ, ಆದರೆ ಇಲ್ಲಿ ಇಳಿಯಲಿಲ್ಲ. ಸ್ನೇಹಿತರು ದಖಾವ್ ಶಿಬಿರದಿಂದ ಕಾರಿನಲ್ಲಿ ಕರೆತಂದರು. ಮಿಕ್ಕ ಹೆಂಗಸರಲ್ಲಿ ಎಷ್ಟು ಮಂದಿ ಬರಿಗೈಯಲ್ಲಿ ಮನೆಗೆ ಹೋದರೋ!

ಆಮೇಲೆ ಈ ಕಟ್ಟಡವನ್ನು ಕೆಡವಿ ಹೋಟೆಲು ಕಟ್ಟುವ ಯೋಚನೆ ಹುಟ್ಟಿತು. ಲೆ ಆಲ್ ಎಂಬ ಹಳೆಯ ಸಂತೆಯ ಕಬ್ಬಿಣದ ಮಂಟಪಗಳನ್ನು 1971ರಲ್ಲಿ ಉರುಳಿಸಿದಾಗ ಊರಿನವರು ಹೊಟ್ಟೆ ಉರಿದುಕೊಂಡಿದ್ದರು. ಆ ಉರಿಯೇ ಓರ್ಸೇಯನ್ನು ಉಳಿಸಿತೆಂದು ನನ್ನ ಎಣಿಕೆ. 1973ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. 1986ರ ಡಿಸೆಂಬರಿನಲ್ಲಿ ಸಂಗ್ರಹಾಲಯ ತೆರೆಯಿತು. ದೆತಾಯ್‌ನ ಚಟಾಕಿ ನಿಜವಾಗಲು ಎಂಬತ್ತಾರು ವರ್ಷ ಹಿಡಿಯಿತು.

ಒಂದು ಕಾಲಕ್ಕೆ ಗಾಡಿಗಳು ಬಂದು ನಿಲ್ಲುತ್ತಿದ್ದ ಕಡೆ ಈಗ ಅಮೃತಶಿಲೆಯ ಪ್ರತಿಮೆಗಳಿವೆ. ಅವುಗಳ ನಡುವೆಯೇ ನನ್ನ ಬೆಳಗು ಕಳೆಯಿತು. ಮಹಡಿಯ ಚಿತ್ರಗಳ ಪಾಲಿಗೆ ಉಳಿದದ್ದು ಅರ್ಧ ಗಂಟೆ.