ಕಾಯಿಸುತ್ತಿದ್ದ ಹೊಳೆ

ಹಿರೇಕೊಡಿಗೆಯಿಂದ ತೀರ್ಥಹಳ್ಳಿಗೆ ಹೊರಟವನಿಗೆ ದಾರಿಯುದ್ದಕ್ಕೂ ಕುವೆಂಪು ಜೊತೆಗಿರುತ್ತಾರೆ. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ಹಿರೇಕೊಡಿಗೆಯ ತಾಯಿಯ ತವರಿನಲ್ಲಿ, ಬೆಳೆದದ್ದು ಕುಪ್ಪಳಿಯಲ್ಲಿ, ಓದಲು ಹೋದದ್ದು ತೀರ್ಥಹಳ್ಳಿಗೆ. ಗಡಿಕಲ್ಲಿನಲ್ಲಿ ಕುಪ್ಪಳಿಯ ಪ್ರವಾಸಿಗರೆಲ್ಲ ಇಳಿದು ಬಸ್ಸು ಅರ್ಧ ಖಾಲಿಯಾಯಿತು. ನನಗೆ ಬೇಕಿದ್ದದ್ದು ಕುವೆಂಪು ಮನೆಯಲ್ಲ, ಮುಂದಿನ ಹೊಳೆ.

ಕೊಪ್ಪದ ರಸ್ತೆ ತುಂಗೆಯನ್ನು ಮುಟ್ಟುವಲ್ಲಿ ಕುವೆಂಪು ಬಾಲ್ಯದಲ್ಲಿ ದೋಣಿಯೇ ಗತಿ. ಅವರ 1936ರ ಕಾದಂಬರಿ ‘ಕಾನೂರು ಹೆಗ್ಗಡಿತಿ’ ಶುರುವಾಗುವುದೂ ದೋಣಿಗಂಡಿಯಲ್ಲೇ. ಮೈಸೂರಿನಿಂದ ಬರುವ ಹೂವಯ್ಯ, ರಾಮಯ್ಯರಿಗಾಗಿ ಈಚೆ ದಡದಲ್ಲಿ ಗಾಡಿ ಕಾಯುತ್ತಿರುತ್ತದೆ. ಅಂಬಿಗ ಆಚೆ ಇದ್ದರೆ ಕೂಗು ಹಾಕಬೇಕು. ಮಳೆಗಾಲದಲ್ಲಿ ಹೊಳೆ ಏರಿದರೆ ಕೂಗಿಯೂ ಫಲವಿಲ್ಲ, ರಾತ್ರಿ ತಂಗಲು ಜಾಗ ನೋಡಬೇಕು. ಆಗ ಮಲೆನಾಡಿನಲ್ಲಿ ಹೊತ್ತು ಮುಳುಗಿ ಬಂದವನಿಗೆ ಸಾಹುಕಾರರ ಮನೆಯ ಜಗಲಿಯೇ ಛತ್ರ. ಊಟ, ಎಲೆಯಡಿಕೆ, ಒಂದು ಚಾಪೆ, ಬದಲಿಗೆ ಊರೂರಿನ ಸುದ್ದಿ. ಈ ಆತಿಥ್ಯವನ್ನು ನಾವು ಹೊಗಳುವಾಗ ಒಂದನ್ನು ಮರೆಯುತ್ತೇವೆ: ಜಗಲಿ ಹತ್ತಬೇಕಾದರೆ ಮೊದಲು ಜಾತಿ ಹೇಳಬೇಕಿತ್ತು. ಛತ್ರದ ಪಂಕ್ತಿಯಲ್ಲೂ ಅಷ್ಟೆ.

ಕುವೆಂಪು ಅವರ 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿಗುತ್ತಿ ಅಂಥ ಜಗಲಿ ಹತ್ತುವವನಲ್ಲ. ಕಾದಂಬರಿಯ ಕೊನೆಯಲ್ಲಿ ತಿಮ್ಮಿಯೊಂದಿಗೆ ಓಡಿಹೋಗುತ್ತಿರುವ ಅವನು ತುಂಬಿದ ತುಂಗೆ ದಾಟುತ್ತಾನೆ. ಅವನ ನಾಯಿ ‘ಹುಲಿಯ’ ಪ್ರವಾಹದ ಪಾಲಾಗುತ್ತದೆ. ದಡದಲ್ಲಿ ನಿಂತು ನೀರಿನ ಸೆಳೆತ ನೋಡಿದ ಮೇಲೆ ಆ ಪುಟಗಳನ್ನು ಮತ್ತೆ ಓದಲು ಧೈರ್ಯ ಬೇಕು.

ಈಗ ಈಚೆ ದಡದ ಕುರುವಳ್ಳಿಯಿಂದ ತೀರ್ಥಹಳ್ಳಿಗೆ ಕಮಾನುಗಳ ಜಯಚಾಮರಾಜೇಂದ್ರ ಸೇತುವೆ. 1940ರಲ್ಲಿ ಪಟ್ಟಕ್ಕೆ ಬಂದ ಮೈಸೂರಿನ ಅರಸರ ಹೆಸರು. ನಾನು ಬಸ್ಸಿಳಿದು ನಡೆದೇ ದಾಟಿದೆ. ಲಾರಿಗಳಿಗೆ ಪಕ್ಕಕ್ಕೆ ಸರಿದು ನಿಲ್ಲುವುದರಲ್ಲೇ ಅರ್ಧ ಗಮನ ಹೋಯಿತು. ಕೆಳಗೆ ರಾಮತೀರ್ಥದ ಬಂಡೆಗಳು, ಮಂಟಪ. ಪರಶುರಾಮ ಕೊಡಲಿಯ ರಕ್ತ ತೊಳೆದ ಜಾಗವೆಂಬ ನಂಬಿಕೆ. ಎಳ್ಳಮಾವಾಸ್ಯೆಯ ಜಾತ್ರೆಗೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಳಿದ ದಿನ ಬಟ್ಟೆ ಒಗೆಯುವವರು, ಸೆಲ್ಫಿಯವರು.

ಬಂಡೆಯ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ದೋಣಿಯ ಕಾಲದ ಬಗ್ಗೆ ಕೇಳಿದೆ.

“ನಮ್ಮ ಅಪ್ಪಯ್ಯ ಹೇಳ್ತಿದ್ರು ಮಾರಾಯ್ರೆ, ಹೊಳೆ ದಾಟೋಕೆ ಬಂದವರು ಎರಡೆರಡು ದಿನ ಕೂತಿರ್ತಿದ್ರಂತೆ. ಹಂಗೆ ಕೂತಾಗ್ಲೇ ಎಷ್ಟೋ ಸಂಬಂಧ ಕುದುರಿದ್ದು. ನಮ್ಮ ಅಜ್ಜಿದೂ ಹಂಗೇ.”

ಸೇತುವೆ ಬಂದದ್ದು ಒಳ್ಳೆಯದೇ, ಕಾಯಿಲೆಯವರು, ಬಸುರಿಯರು ದಡದಲ್ಲಿ ಉಳಿಯುವುದು ತಪ್ಪಿತು ಎಂದೆ. ಅವರು ಒಪ್ಪಿದರು. ಆಮೇಲೆ ನನ್ನ ಊರು, ಮನೆತನ, ಮದುವೆಯಾಗಿದೆಯೋ ಇಲ್ಲವೋ ಎಂದು ಒಂದೊಂದಾಗಿ ವಿಚಾರಿಸತೊಡಗಿದರು.