ನೂರು ಸದ್ದಿನ ಪೆಟ್ಟಿಗೆ

ಗಿಟಾರ್ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಬೇಡಿಕೆ ಬಂದೇ ಬರುತ್ತದೆ. ಮೊದಲು ಗಿಟಾರ್ ಬಂತು. ಆಮೇಲೆ ಪುಟ್ಟದೊಂದು ಆಂಪ್ಲಿಫೈಯರ್ ಬಂತು. ಈಗ ಮಗಳಿಗೆ ‘ಮಲ್ಟಿ ಎಫೆಕ್ಟ್ಸ್’ ಬೇಕು. ‘ಅದೇನಮ್ಮಾ ಅದು?’ ಎಂದು ಅಪ್ಪ ಕೇಳಿದರೆ, ‘ಒಂದೇ ಪೆಟ್ಟಿಗೇಲಿ ನೂರು ಥರ ಸೌಂಡ್ ಬರುತ್ತಪ್ಪ’ ಎಂಬ ಉತ್ತರ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದರೆ ನೋಡೋಣ ಎಂಬ ಕರಾರಿನ ಮೇಲೆ ಪೆಟ್ಟಿಗೆ ಮನೆಗೆ ಬರುತ್ತದೆ.

ಬಂದ ವಾರದಲ್ಲೇ ಹುಡುಗಿಯ ಮುಖ ಸಪ್ಪಗಾಗುತ್ತದೆ. ಹೆಡ್‌ಫೋನಿನಲ್ಲಿ ಸೊಗಸಾಗಿ ಕೇಳಿಸಿದ ಸದ್ದು, ಆಂಪ್ಲಿಫೈಯರಿಗೆ ಜೋಡಿಸಿದ ಕೂಡಲೇ ಕಂಬಳಿ ಹೊದ್ದುಕೊಂಡಂತೆ ಮಂಕಾಗುತ್ತದೆ. ತನ್ನ ಕೈಯೇ ಸರಿಯಿಲ್ಲವೆಂದು ಅವಳು ಕೊರಗುತ್ತಾಳೆ. ಇಲ್ಲವೇ ಆಂಪ್ಲಿಫೈಯರೇ ಕಳಪೆ, ಇನ್ನೂ ದೊಡ್ಡದು ಬೇಕು ಎನ್ನುತ್ತಾಳೆ. ಮೊದಲನೆಯದರಿಂದ ಉತ್ಸಾಹ ಹಾಳು, ಎರಡನೆಯದರಿಂದ ದುಡ್ಡು ಹಾಳು. ಅನೇಕ ಸಲ ತಪ್ಪು ಕೈಯದೂ ಅಲ್ಲ, ಆಂಪ್ಲಿಫೈಯರಿನದೂ ಅಲ್ಲ. ಎರಡನ್ನೂ ಜೋಡಿಸಿದ ರೀತಿಯದು.

ಗಿಟಾರ್ ಆಂಪ್ಲಿಫೈಯರ್ ಎಂದರೆ ಮದುವೆ ಮನೆಯ ಮೈಕ್‌ಸೆಟ್ ಅಲ್ಲ. ಮೈಕ್‌ಸೆಟ್ ಕೊಟ್ಟದ್ದನ್ನು ಕೊಟ್ಟ ಹಾಗೆ ಕೇಳಿಸಬೇಕು. ಗಿಟಾರ್ ಆಂಪ್ಲಿಫೈಯರ್ ತನ್ನ ಬಣ್ಣವನ್ನೂ ಸೇರಿಸುತ್ತದೆ. ಅದರ ಸ್ಪೀಕರ್ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ಕೀರಲು ಸದ್ದನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. 1960ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಮತ್ತು ಅವರ ಸಂಗಡಿಗರು ಅಮೆರಿಕದ ಫೆಂಡರ್ ಬಾಸ್‌ಮನ್ ಮಾದರಿಯನ್ನು ಮುಂದಿಟ್ಟುಕೊಂಡು ಆಂಪ್ಲಿಫೈಯರ್ ಕಟ್ಟಿದರು. ಬಿಡಿಭಾಗಗಳೂ ಸ್ಪೀಕರೂ ಬೇರೆಯಾದ್ದರಿಂದ ದನಿಯೂ ಬೇರೆಯಾಯಿತು. ಆ ದನಿಗೇ ಜಗತ್ತು ಮರುಳಾಯಿತು. ಅಂದರೆ ಆಂಪ್ಲಿಫೈಯರ್ ವಾದ್ಯದ ಇನ್ನೊಂದು ಅರ್ಧ.

ಇನ್ನು ಪೆಟ್ಟಿಗೆಯ ವಿಚಾರ. 1988ರಲ್ಲಿ ಬಂದ ಬಾಸ್ ಎಂಇ-5ರಂಥವು ಹಲವು ಪೆಡಲ್‌ಗಳನ್ನು ಒಂದೇ ಕಡೆ ಸೇರಿಸಿದ್ದವು. 1998ರಲ್ಲಿ ಬಂದ ಲೈನ್ 6 ಪಾಡ್, ಹೆಸರಾಂತ ಆಂಪ್ಲಿಫೈಯರುಗಳನ್ನೂ ಅವುಗಳ ಸ್ಪೀಕರನ್ನೂ ಅನುಕರಿಸುತ್ತಿತ್ತು. ಈಗಿನ ಪೆಟ್ಟಿಗೆಗಳಲ್ಲಿ ಇದು ಸಾಮಾನ್ಯ. ಹೆಡ್‌ಫೋನಿಗೂ ಧ್ವನಿಮುದ್ರಣಕ್ಕೂ ಇದು ದೊಡ್ಡ ಅನುಕೂಲ. ಆದರೆ ಅದನ್ನೇ ನಿಜವಾದ ಆಂಪ್ಲಿಫೈಯರಿಗೆ ಕೊಟ್ಟರೆ? ಅನುಕರಣೆಯ ಸ್ಪೀಕರ್ ಒಮ್ಮೆ ಸೋಸಿದ ಸದ್ದನ್ನು ನಿಜವಾದ ಸ್ಪೀಕರ್ ಮತ್ತೊಮ್ಮೆ ಸೋಸುತ್ತದೆ. ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡ ಹಾಗೆ.

ಆದ್ದರಿಂದ ಮೊದಲ ಕೆಲಸ, ಪೆಟ್ಟಿಗೆಯೊಳಗಿನ ‘ಕ್ಯಾಬಿನೆಟ್’ ಮತ್ತು ‘ಆಂಪ್’ ಅನುಕರಣೆಗಳನ್ನು ಆರಿಸುವುದು. ಕೆಲವು ಪೆಟ್ಟಿಗೆಗಳಲ್ಲಿ ಹೊರಗೆ ಜೋಡಿಸಿರುವುದು ಹೆಡ್‌ಫೋನೋ ಆಂಪ್ಲಿಫೈಯರೋ ಎಂದು ತಿಳಿಸುವ ಸೌಲಭ್ಯವೇ ಇರುತ್ತದೆ. ಕೈಪಿಡಿ ಓದಿದವರಿಗೆ ಅದು ಸಿಗುತ್ತದೆ.

ಎರಡನೆಯದು, ಯಾವುದು ಎಲ್ಲಿರಬೇಕು ಎಂಬುದು. ಆಂಪ್ಲಿಫೈಯರಿನೊಳಗೆ ಎರಡು ಹಂತಗಳಿವೆ. ಮೊದಲ ಹಂತ ದನಿಯನ್ನು ರೂಪಿಸುತ್ತದೆ. ಗೇನ್ ಏರಿಸಿದರೆ ಕರ್ಕಶತೆ ಹುಟ್ಟುವುದೂ ಬಹುತೇಕ ಅಲ್ಲೇ. ಎರಡನೆಯ ಹಂತ ಅದಕ್ಕೆ ಬಲ ಕೊಡುತ್ತದೆ. ಇಕೋವನ್ನು ಮೊದಲ ಹಂತಕ್ಕಿಂತ ಮುಂಚೆ ಸೇರಿಸಿದರೆ ಪ್ರತಿಧ್ವನಿಗಳೂ ಸೇರಿ ಕರ್ಕಶವಾಗಿ ಕಲಸಿಹೋಗುತ್ತವೆ. ಆಂಪ್ಲಿಫೈಯರಿನ ಹಿಂದೆ ‘ಸೆಂಡ್’, ‘ರಿಟರ್ನ್’ ಎಂಬ ತೂತುಗಳಿದ್ದರೆ ಇಕೋ, ರಿವರ್ಬ್‌ಗಳನ್ನು ಅಲ್ಲಿ, ಎರಡು ಹಂತಗಳ ನಡುವೆ, ಸೇರಿಸಬೇಕು. ವಾವಾ, ಕಂಪ್ರೆಸರ್, ಓವರ್‌ಡ್ರೈವ್‌ಗಳ ಜಾಗ ಮುಂದೆಯೇ. ಪೆಟ್ಟಿಗೆಗೂ ಸೆಂಡ್, ರಿಟರ್ನ್ ಇದ್ದರೆ ನಾಲ್ಕು ಕೇಬಲ್‌ಗಳಲ್ಲಿ ಎರಡನ್ನೂ ಸಾಧಿಸಬಹುದು. ಸಣ್ಣ ಆಂಪ್ಲಿಫೈಯರುಗಳಲ್ಲಿ ಈ ತೂತುಗಳಿಲ್ಲದಿದ್ದರೆ ಚಿಂತೆಯಿಲ್ಲ. ಆಂಪ್ಲಿಫೈಯರನ್ನು ಶುಭ್ರ ದನಿಯಲ್ಲಿಟ್ಟು ಉಳಿದದ್ದನ್ನು ಪೆಟ್ಟಿಗೆಗೆ ಬಿಟ್ಟರಾಯಿತು.

ಮೂರನೆಯದು ಮಟ್ಟ. ಜೋರಾದದ್ದೆಲ್ಲ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಮೊದಲು ಗಿಟಾರನ್ನು ನೇರವಾಗಿ ಆಂಪ್ಲಿಫೈಯರಿಗೆ ಜೋಡಿಸಿ, ಮನಸ್ಸಿಗೆ ಒಪ್ಪುವ ದನಿ ಹುಡುಕಿ, ಗುಂಡಿಗಳು ಎಲ್ಲೆಲ್ಲಿವೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಆಮೇಲೆ ಎಲ್ಲ ಎಫೆಕ್ಟ್ ಆರಿಸಿದ ಪೆಟ್ಟಿಗೆಯನ್ನು ನಡುವೆ ತರಬೇಕು. ದನಿ ಮೊದಲಿನಷ್ಟೇ ಇರುವಂತೆ ಪೆಟ್ಟಿಗೆಯ ಲೆವೆಲ್ ಹೊಂದಿಸಬೇಕು. ನಂತರವೇ ಒಂದೊಂದಾಗಿ ಎಫೆಕ್ಟ್. ಗಿಟಾರಿನಿಂದ ಪೆಟ್ಟಿಗೆಗೆ ಬರುವ ಕೇಬಲ್ ಬಹಳ ಉದ್ದವಾದರೆ ಟ್ರೆಬಲ್ ಸೋರಿಹೋಗುತ್ತದೆ; ಮನೆಯ ಅಭ್ಯಾಸಕ್ಕೆ 3 ಮೀಟರ್ ಸಾಕು.

ರಾತ್ರಿ ಮೆಲ್ಲಗೆ ನುಡಿಸಿ ಹೊಂದಿಸಿದ ದನಿ ಕಾಲೇಜ್ ಡೇ ವೇದಿಕೆಯಲ್ಲಿ ಕಿವಿಗೆ ಚುಚ್ಚುವುದುಂಟು. ಸದ್ದು ಕಡಿಮೆಯಿದ್ದಾಗ ಬಾಸೂ ತೀರ ಎತ್ತರದ ಟ್ರೆಬಲ್ಲೂ ನಮ್ಮ ಕಿವಿಗೆ ಕಡಿಮೆ ಕೇಳುತ್ತವೆ. ಇದನ್ನು 1933ರಲ್ಲೇ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಅಳೆದು ತೋರಿಸಿದ್ದರು. ವೇದಿಕೆಗೆ ಬೇಕಾದ ದನಿಯನ್ನು ವೇದಿಕೆಯಷ್ಟೇ ಜೋರಾಗಿ ನುಡಿಸಿ ಹೊಂದಿಸಬೇಕು. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವವರಿಲ್ಲದ ದಿನ ನೋಡಿಕೊಂಡರೆ ಒಳಿತು.

ಅಪ್ಪ-ಅಮ್ಮಂದಿರ ಪಾಲಿಗೂ ಒಂದು ಕೆಲಸವಿದೆ. ಅಮೆರಿಕದಿಂದ ನೆಂಟರು ತಂದ ಉಪಕರಣ 120 ವೋಲ್ಟ್‌ನದಿರಬಹುದು. ನಮ್ಮ 230 ವೋಲ್ಟ್‌ಗೆ ಸಿಕ್ಕಿಸಿದರೆ ಸುಟ್ಟೀತು. ಎಷ್ಟೋ ಎಫೆಕ್ಟ್ ಪೆಟ್ಟಿಗೆಗಳ 9 ವೋಲ್ಟ್ ಅಡಾಪ್ಟರಿನಲ್ಲಿ ನಡುವಿನ ತುದಿ ಋಣ. ಮನೆಯ ಬೇರೆ ಉಪಕರಣಗಳ ಅಡಾಪ್ಟರಿನಲ್ಲಿ ಅದು ಧನವಾಗಿರುವುದೇ ಹೆಚ್ಚು. ಚೀಟಿ ಓದದೆ ಸಿಕ್ಕಿಸಬಾರದು.

ಇಷ್ಟಾದರೂ ಮುಖ್ಯವಾದದ್ದು ಉಳಿದಿದೆ. ಇಕೋ, ರಿವರ್ಬ್‌ಗಳು ಲಯ ತಪ್ಪಿದ್ದನ್ನು ಮರೆಮಾಡುತ್ತವೆ, ಸರಿಪಡಿಸುವುದಿಲ್ಲ. ತಂತಿ ಎಳೆದಾಗ ಸ್ವರ ಮುಟ್ಟಿತೋ ಇಲ್ಲವೋ ಎಂಬುದು ಬರಿಯ ದನಿಯಲ್ಲೇ ಸ್ಪಷ್ಟ. ದಿನದ ಮೊದಲ ಅರ್ಧ ಗಂಟೆ ಪೆಟ್ಟಿಗೆ ಮುಟ್ಟದೆ ಅಭ್ಯಾಸ ಮಾಡುವ ಹುಡುಗಿಗೆ, ಯಾವ ಎಫೆಕ್ಟ್ ತನಗೆ ಬೇಕು, ಯಾವುದು ಬೇಡ ಎಂಬುದು ತಾನಾಗಿಯೇ ತಿಳಿಯುತ್ತದೆ. ಸಂಗೀತ ಗೊತ್ತಿಲ್ಲದ ಅಮ್ಮನೂ ಪಕ್ಕದ ಕೋಣೆಯಿಂದ ಕೇಳಿ, ‘ಈಗ ಮಂಕಾಯ್ತು ನೋಡು’ ಎಂದು ಹೇಳಬಲ್ಲಳು. ಹೀಗೆ ಕೇಳಿ, ತಿದ್ದಿ, ಮೂರೇ ಮೂರು ಸದ್ದನ್ನು ತನ್ನದಾಗಿಸಿಕೊಂಡು ಉಳಿದ ತೊಂಬತ್ತೇಳನ್ನು ಮರೆತರೂ ಅಪ್ಪನ ದುಡ್ಡು ದಂಡವಾಗಲಿಲ್ಲವೆಂದೇ ಲೆಕ್ಕ.